ಹುಟ್ಟುತ್ತಲೇ ಹೊರನಾಡಿಗೆ: ಇನ್ಫೋಸಿಸ್‌ನ ಮೊದಲ ದಶಕದ ಒಂದು ಮರುಪರಿಶೀಲನೆ

ಕಂಪನಿ ಮೊದಲು ತವರಿನಲ್ಲಿ ಬೇರೂರುತ್ತದೆ, ಬಳಿಕ ಪರಿಚಿತ ನೆರೆದೇಶಕ್ಕೆ, ಅನುಭವ ಬಲಿತ ಮೇಲೆ ದೂರದೇಶಕ್ಕೆ ಹೋಗುತ್ತದೆ. 1977ರಲ್ಲಿ ಯೋಹಾನ್ಸನ್ ಮತ್ತು ವಾಲ್ನೆ ಮಂಡಿಸಿದ, ಉಪ್ಸಾಲ ಮಾದರಿ ಎಂದು ಹೆಸರಾದ ವಾದದ ತಿರುಳಿದು. 1993ರಲ್ಲಿ ಪ್ರಕಟವಾದ ಮೆಕಿನ್ಸೆಯ ಆಸ್ಟ್ರೇಲಿಯಾ ಅಧ್ಯಯನಕ್ಕೆ ಈ ಮೆಟ್ಟಿಲು ಹತ್ತದ ಸಣ್ಣ ಕಂಪನಿಗಳು ಸಿಕ್ಕವು. ಹುಟ್ಟಿದ ಸುಮಾರು ಎರಡು ವರ್ಷಕ್ಕೇ ರಫ್ತಿಗಿಳಿದಿದ್ದ ಅವುಗಳ ಮಾರಾಟದ ಮುಕ್ಕಾಲು ಪಾಲು ಹೊರದೇಶದಲ್ಲಿತ್ತು. ಮರುವರ್ಷ ಒವಿಯಾಟ್ ಮತ್ತು ಮೆಕ್‌ಡೂಗಲ್ ಇದಕ್ಕೆ ಸೈದ್ಧಾಂತಿಕ ಚೌಕಟ್ಟು ಕೊಟ್ಟರು. ಇಂಥ ಸಂಸ್ಥೆಗಳು ಸಂಪನ್ಮೂಲಗಳನ್ನು ಕೊಳ್ಳದೆಯೇ ಬಳಸಿಕೊಳ್ಳುತ್ತವೆ ಎಂಬುದು ಅವರ ಮುಖ್ಯ ಒಳನೋಟ.

ಆ ಒಳನೋಟಕ್ಕೆ ಇನ್ಫೋಸಿಸ್‌ಗಿಂತ ಚೊಕ್ಕ ನಿದರ್ಶನ ಸಿಗುವುದು ಕಷ್ಟ. 1981ರಲ್ಲಿ ಪುಣೆಯಲ್ಲಿ, ಸುಧಾ ಮೂರ್ತಿ ಕೊಟ್ಟ 10,000 ರೂಪಾಯಿ ಬಂಡವಾಳದಲ್ಲಿ ಆರಂಭವಾದ ಕಂಪನಿಗೆ ಸ್ವಂತ ಕಂಪ್ಯೂಟರೇ ಇರಲಿಲ್ಲ. ಆಮದಿಗೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ ದೆಹಲಿಯ ಕಚೇರಿಗಳನ್ನು ಅಲೆಯಬೇಕು. ಮೊದಲ ಗ್ರಾಹಕ ನ್ಯೂಯಾರ್ಕಿನ ಡೇಟಾ ಬೇಸಿಕ್ಸ್ ಕಾರ್ಪೊರೇಷನ್. ಯಂತ್ರ ಎಲ್ಲಿತ್ತೋ ಅಲ್ಲಿಗೇ ಎಂಜಿನಿಯರುಗಳು ಹೋದರು. ಸ್ಥಾಪಕರಿಗೆ ಈ ದಾರಿ ಹೊಸದಾಗಿರಲಿಲ್ಲ: ಅವರೆಲ್ಲ ಬಂದದ್ದು ಅಮೆರಿಕದ ಕೆಲಸ ಮಾಡುತ್ತಿದ್ದ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಿಂದ. ಉಪ್ಸಾಲ ಪಂಥದವರು ಹೇಳುವ ಕಲಿಕೆ ಇಲ್ಲೂ ನಡೆದಿತ್ತು, ಆದರೆ ಹಿಂದಿನ ನೌಕರಿಯಲ್ಲಿ.

ಬೇಗ ಹೊರಗೆ ಹೋದದ್ದನ್ನು ಸ್ಥಾಪಕರ ದೂರದೃಷ್ಟಿಯ ಲೆಕ್ಕಕ್ಕೆ ಬರೆಯುವುದು ರೂಢಿ. ನನಗೆ ಅದು ಅರ್ಧಸತ್ಯವಾಗಿ ಕಾಣುತ್ತದೆ. ಕಂಪ್ಯೂಟರುಗಳೇ ವಿರಳವಾಗಿದ್ದ ನಾಡಿನಲ್ಲಿ ಸಾಫ್ಟ್‌ವೇರ್ ಕೊಳ್ಳುವವರು ಎಷ್ಟು ಮಂದಿ? ತವರಿನ ಬಡತನವೇ ಅವರನ್ನು ಹೊರಗೆ ದೂಡಿತು. ಪ್ರವೇಶ ಬೇಗವಾದರೂ ಬೆಳವಣಿಗೆ ಬೇಗವಾಗಲಿಲ್ಲ ಎಂಬುದನ್ನು ಇಂಥ ಕಂಪನಿಗಳ ಕುರಿತ ಸಾಹಿತ್ಯ ಸಾಕಷ್ಟು ಗಮನಿಸಿಲ್ಲ. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು. 1987ರಲ್ಲಿ ಕರ್ಟ್ ಸಾಲ್ಮನ್ ಅಸೋಸಿಯೇಟ್ಸ್ ಜೊತೆ ಹೂಡಿದ ಜಂಟಿ ಉದ್ಯಮ ದಶಕ ಮುಗಿಯುವ ಹೊತ್ತಿಗೆ ಮುರಿದುಬಿತ್ತು. ವಿದೇಶ ಪ್ರಯಾಣಕ್ಕೆ ಬೇಕಾದ ವಿನಿಮಯಕ್ಕೂ ರಿಸರ್ವ್ ಬ್ಯಾಂಕಿನ ಅನುಮತಿ ಕಾಯಬೇಕಿದ್ದ ಕಾಲವದು.

1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಂದಲೇ ಅಮೆರಿಕಕ್ಕೆ ಕೆಲಸ ಕಳುಹಿಸಬಹುದೆಂದು ತೋರಿಸಿತು. 1991ರಲ್ಲಿ ಹುಟ್ಟಿದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆ ಅಂಥ ಸಂಪರ್ಕವನ್ನು ಸಣ್ಣ ಕಂಪನಿಗಳಿಗೂ ಎಟುಕಿಸಿತು. ಉದಾರೀಕರಣ ಬಂದದ್ದೂ ಅದೇ ವರ್ಷ. ಎಂಜಿನಿಯರ್ ವಿಮಾನ ಹತ್ತುವ ಬದಲು ಕೆಲಸವೇ ತವರಿಗೆ ಬರತೊಡಗಿದ ಮೇಲೆ ಬೆಳವಣಿಗೆಗೆ ವೇಗ ಸಿಕ್ಕಿತು.

ಆದ್ದರಿಂದ ಮೊದಲ ರಫ್ತಿನ ವರ್ಷವೊಂದನ್ನೇ ಹಿಡಿದು ಕಂಪನಿಗಳನ್ನು ವಿಂಗಡಿಸುವ ಅಧ್ಯಯನಗಳು, ತವರಿನ ಕಾನೂನು ಮತ್ತು ಸಂಪರ್ಕ ವ್ಯವಸ್ಥೆ ಯಾವಾಗ ಬದಲಾದವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೊದಲ ದಿನದಿಂದಲೇ ಅಮೆರಿಕಕ್ಕೆ ದುಡಿದ ಇನ್ಫೋಸಿಸ್, ನ್ಯಾಸ್ಡಾಕ್ ಪಟ್ಟಿಗೆ ಸೇರಿದ್ದು 1999ರ ಮಾರ್ಚಿನಲ್ಲಿ, ತನ್ನ ಹದಿನೆಂಟನೆಯ ವರ್ಷದಲ್ಲಿ.