ಸಿ.ಓ.ಪಿ.ಡಿ. ರೋಗಕ್ಕೆ ದೀರ್ಘಾವಧಿ ಶ್ವಾಸನಾಳ ವಿಕಸಕ ಔಷಧಗಳು

ರೋಗದ ಪರಿಚಯ
ದೀರ್ಘಕಾಲಿಕ ಶ್ವಾಸಕೋಶ ಅಡಚಣೆ ರೋಗವನ್ನು ಸಿ.ಓ.ಪಿ.ಡಿ. ಎಂದು ಕರೆಯಲಾಗುತ್ತದೆ. ಬೀಡಿ, ಸಿಗರೇಟು ಸೇವನೆ ಇದರ ಪ್ರಮುಖ ಕಾರಣ. ಸೌದೆ, ಬೆರಣಿ ಒಲೆಯ ಹೊಗೆಯಲ್ಲಿ ಹಲವು ವರ್ಷ ಅಡುಗೆ ಮಾಡಿದ, ಧೂಮಪಾನ ಮಾಡದ ಮಹಿಳೆಯರಲ್ಲಿಯೂ ಈ ರೋಗ ಕಂಡುಬರುತ್ತದೆ. ಶ್ವಾಸನಾಳಗಳು ಕಿರಿದಾಗುವುದರಿಂದ ಒಳಗೆಳೆದ ಗಾಳಿಯು ಪೂರ್ಣವಾಗಿ ಹೊರಹೋಗದೆ ಕೆಮ್ಮು, ಕಫ ಹಾಗೂ ಏದುಸಿರು ಉಂಟಾಗುತ್ತವೆ. ಸ್ಪೈರೋಮೆಟ್ರಿ ಪರೀಕ್ಷೆಯಿಂದ ರೋಗವನ್ನು ಖಚಿತಪಡಿಸಿಕೊಳ್ಳಲಾಗುತ್ತದೆ.

ಔಷಧಗಳ ವಿಧಗಳು
ಸಾಲ್ಬುಟಮಾಲ್‌ನಂತಹ ಅಲ್ಪಾವಧಿ ಔಷಧದ ಪರಿಣಾಮವು 4ರಿಂದ 6 ಗಂಟೆಗಳವರೆಗೆ ಇರುತ್ತದೆ. ದೀರ್ಘಾವಧಿ ಔಷಧಗಳ ಪರಿಣಾಮವು 12 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿಯುತ್ತದೆ. ಇವುಗಳಲ್ಲಿ ಎರಡು ವರ್ಗಗಳಿವೆ.

1. ಬೀಟಾ-2 ಉತ್ತೇಜಕಗಳು: ಇವು ಶ್ವಾಸನಾಳದ ಸ್ನಾಯುಗಳನ್ನು ಸಡಿಲಗೊಳಿಸುತ್ತವೆ. ಸಾಲ್ಮೆಟರಾಲ್ ಮತ್ತು ಫಾರ್ಮೊಟೆರಾಲ್ ಔಷಧಗಳನ್ನು ದಿನಕ್ಕೆ ಎರಡು ಬಾರಿ, ಇಂಡಕಟೆರಾಲ್ ಔಷಧವನ್ನು ದಿನಕ್ಕೆ ಒಂದು ಬಾರಿ ಸೇದಲಾಗುತ್ತದೆ.

2. ಮಸ್ಕರಿನಿಕ್ ಪ್ರತಿರೋಧಕಗಳು: ಸ್ನಾಯುಗಳನ್ನು ಬಿಗಿಗೊಳಿಸುವ ನರ ಸಂಕೇತವನ್ನು ಇವು ತಡೆಯುತ್ತವೆ. ಟಯೋಟ್ರೋಪಿಯಂ ಔಷಧವನ್ನು ದಿನಕ್ಕೆ ಒಂದು ಬಾರಿ ಸೇದಿದರೆ ಸಾಕು.

ಒಂದು ಔಷಧದಿಂದ ಏದುಸಿರು ಕಡಿಮೆಯಾಗದಿದ್ದಲ್ಲಿ ವೈದ್ಯರು ಎರಡೂ ವರ್ಗಗಳನ್ನು ಜೊತೆಯಾಗಿ ನೀಡುತ್ತಾರೆ.

ಪ್ರಯೋಜನ ಮತ್ತು ಮಿತಿ
ಈ ಔಷಧಗಳಿಂದ ಏದುಸಿರು ಕಡಿಮೆಯಾಗುತ್ತದೆ. ರೋಗವು ಪದೇಪದೇ ಉಲ್ಬಣಿಸುವುದೂ ತಗ್ಗುತ್ತದೆ. ಆದರೆ ಇವು ರೋಗವನ್ನು ಗುಣಪಡಿಸುವುದಿಲ್ಲ. ಸುಮಾರು 6,000 ರೋಗಿಗಳನ್ನು 4 ವರ್ಷಗಳ ಕಾಲ ಪರಿಶೀಲಿಸಿ 2008ರಲ್ಲಿ ಪ್ರಕಟಿಸಲಾದ ‘ಅಪ್‌ಲಿಫ್ಟ್’ ಅಧ್ಯಯನದಲ್ಲಿ, ಟಯೋಟ್ರೋಪಿಯಂ ಪಡೆದವರಲ್ಲಿ ಉಲ್ಬಣಗಳು ಕಡಿಮೆಯಾದವು. ಶ್ವಾಸಕೋಶದ ಸಾಮರ್ಥ್ಯ ಕುಂದುವ ವೇಗ ಮಾತ್ರ ಗಣನೀಯವಾಗಿ ತಗ್ಗಲಿಲ್ಲ. ಆದುದರಿಂದ ಔಷಧ ಸೇವಿಸುತ್ತಿದ್ದರೂ ಧೂಮಪಾನವನ್ನು ಸಂಪೂರ್ಣವಾಗಿ ತ್ಯಜಿಸುವುದು ಅತ್ಯಗತ್ಯ.

ಬಳಸುವಾಗ ಗಮನಿಸಬೇಕಾದ ಅಂಶಗಳು
• ಉಸಿರಾಟ ಸರಾಗವಾಗಿರುವ ದಿನಗಳಲ್ಲಿಯೂ ಔಷಧವನ್ನು ನಿಲ್ಲಿಸಬಾರದು. ಆ ಸರಾಗತೆಯು ಔಷಧದ ಫಲವೇ ಆಗಿರಬಹುದು.
• ಹಠಾತ್ ಉಬ್ಬಸ ಬಂದಾಗ ಇವುಗಳ ಹೆಚ್ಚುವರಿ ಪ್ರಮಾಣ ತೆಗೆದುಕೊಳ್ಳದೆ, ವೈದ್ಯರು ಸೂಚಿಸಿದ ಶೀಘ್ರ ಪರಿಹಾರದ ಇನ್‌ಹೇಲರ್ ಬಳಸಬೇಕು.
• ಇನ್‌ಹೇಲರ್‌ನಲ್ಲಿ ಬಳಸುವ ಕ್ಯಾಪ್ಸೂಲನ್ನು ನುಂಗಬಾರದು. ಸಾಧನದಲ್ಲಿಟ್ಟು ಅದರ ಪುಡಿಯನ್ನು ಬಾಯಿಯ ಮೂಲಕ ಒಳಗೆಳೆದುಕೊಂಡು, ಸಾಧ್ಯವಾದರೆ 10 ಸೆಕೆಂಡು ಉಸಿರು ಹಿಡಿಯಬೇಕು.
• ಪ್ರತಿ ಭೇಟಿಯಲ್ಲಿಯೂ ಬಳಸುವ ವಿಧಾನವನ್ನು ವೈದ್ಯರಿಗೆ ಅಥವಾ ಶುಶ್ರೂಷಕರಿಗೆ ತೋರಿಸಿ ಸರಿಪಡಿಸಿಕೊಳ್ಳುವುದು ಒಳಿತು.

ಅಡ್ಡ ಪರಿಣಾಮಗಳು
ಬೀಟಾ-2 ಉತ್ತೇಜಕಗಳಿಂದ ಕೈನಡುಕ, ಎದೆಬಡಿತ ಕಾಣಿಸಿಕೊಳ್ಳಬಹುದು. ಟಯೋಟ್ರೋಪಿಯಂನಿಂದ ಬಾಯಿ ಒಣಗುವುದು ಸಾಮಾನ್ಯ. ಗ್ಲಾಕೋಮಾ ಅಥವಾ ಮೂತ್ರ ವಿಸರ್ಜನೆಯ ತೊಂದರೆ ಇರುವವರು ಮುಂಚಿತವಾಗಿ ವೈದ್ಯರಿಗೆ ತಿಳಿಸತಕ್ಕದ್ದು. ಅಸ್ತಮಾ ಇರುವವರು ಸೇದುವ ಸ್ಟೀರಾಯ್ಡ್ ಇಲ್ಲದೆ ದೀರ್ಘಾವಧಿ ಬೀಟಾ-2 ಉತ್ತೇಜಕವನ್ನು ಮಾತ್ರ ಬಳಸುವುದು ಪ್ರಾಣಾಪಾಯಕ್ಕೆ ಎಡೆಮಾಡಬಹುದು. ಆದುದರಿಂದ ಒಬ್ಬರ ಔಷಧವನ್ನು ಮತ್ತೊಬ್ಬರು ಬಳಸಬಾರದು.

ತುರ್ತು ಲಕ್ಷಣಗಳು
ಕಫದ ಬಣ್ಣ ಬದಲಾಗಿ ಪ್ರಮಾಣ ಹೆಚ್ಚಿದಲ್ಲಿ ವಿಳಂಬವಿಲ್ಲದೆ ವೈದ್ಯರನ್ನು ಕಾಣಬೇಕು. ಮಾತನಾಡಲೂ ಆಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಮಂಪರು ಅಥವಾ ಗೊಂದಲ ಕಂಡುಬಂದಲ್ಲಿ ಕೂಡಲೇ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕು.