ಪದ ಎಂದರೆ ಹಾಡು, ಪದ ಎಂದರೆ ಶಬ್ದ

1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಬೇಕೆಂದು ಹೋದ ಒಬ್ಬ ಮಹಾರ್ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ನ್ಯಾಯವೇನೋ ನಿನ್ನ ಕಡೆಗಿದೆ, ಆದರೆ ನಿನ್ನೊಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟರೆ ಏನು ಮಾಡುವುದು ಎಂಬ ಅರ್ಥದ ಉತ್ತರ ಬಂತು. 1857ರಲ್ಲಿ ಕಲ್ಕತ್ತೆಯ ಸರ್ಕಾರ ಇದನ್ನು ಆಕ್ಷೇಪಿಸಿತು. 1858ರಲ್ಲಿ ಲಂಡನ್ನಿನ ಕಂಪನಿ ಡೈರೆಕ್ಟರುಗಳು ಸರ್ಕಾರದ ಖರ್ಚಿನ ಶಾಲೆ ಎಲ್ಲ ಜಾತಿಗೂ ತೆರೆದದ್ದು ಎಂದು ಬರೆದರು. ಈ ಕಾಗದಪತ್ರಗಳನ್ನೆಲ್ಲ ಅಂಬೇಡ್ಕರ್ 1928ರಲ್ಲಿ ಸೈಮನ್ ಆಯೋಗದ ಮುಂದೆ ಇಟ್ಟರು.

ಬಾಗಿಲಿನ ಈ ಚರಿತ್ರೆಯನ್ನು ನಾವು ಆಗಾಗ ಹೇಳಿಕೊಂಡಿದ್ದೇವೆ. ಬಾಗಿಲು ದಾಟಿದ ಮೇಲೆ ಕರಿಹಲಗೆಯ ಮೇಲೆ ಕಂಡ ಮಾತುಗಳ ಚರಿತ್ರೆಯನ್ನು ಅಷ್ಟಾಗಿ ಹೇಳಿಲ್ಲ. ಶುದ್ಧ, ಅಶುದ್ಧ, ಶಿಷ್ಟ, ಗ್ರಾಮ್ಯ, ಅಪಭ್ರಂಶ. ಕನ್ನಡ ಮೇಷ್ಟ್ರು ಇವನ್ನು ಭಾಷೆಯ ಬಗ್ಗೆ ಹೇಳುತ್ತಾರೆ, ನಿಜ. ಆದರೆ ಕೇರಿಯ ಹುಡುಗ ಇವುಗಳಲ್ಲಿ ಮೊದಲೆರಡನ್ನು ಬಾವಿಕಟ್ಟೆಯಲ್ಲಿ, ಗುಡಿಯ ಮುಂದೆ ಆಗಲೇ ಕೇಳಿಕೊಂಡು ಬಂದಿರುತ್ತಾನೆ. ‘ಅಶುದ್ಧವಾಗಿ ಬರೆದಿದ್ದೀಯ’ ಅಂದಾಗ ಅವನಿಗೆ ಬರೀ ಕಾಗುಣಿತ ಕೇಳಿಸುತ್ತದಾ?

ಅಪಭ್ರಂಶ ಅಂದರೆ ಜಾರಿ ಬಿದ್ದದ್ದು. ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ, ಅಂದರೆ ಸುಮಾರು 1260ರಲ್ಲಿ, ಅದರ ಹೆಸರಿನಲ್ಲೇ ಒಂದು ಪ್ರಕರಣವಿದೆ. ಕೇಶಿರಾಜನಿಗೆ ಬೈಯುವುದು ಸುಲಭ, ಅದರಿಂದ ಪ್ರಯೋಜನವಿಲ್ಲ. ಸಂಸ್ಕೃತದ ಮಾತು ಕನ್ನಡದ ಬಾಯಿಗೆ ಬಂದಾಗ ಹೇಗೆ ಬದಲಾಗುತ್ತದೆ ಎಂಬುದನ್ನು ಅವನು ಕಿವಿಗೊಟ್ಟು ಕೇಳಿ ಬರೆದಿಟ್ಟ. 1872ರಲ್ಲಿ ಕಿಟೆಲ್ ಅದನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅಲ್ಲಿನ ವಿವರಣೆ ಶಾಲೆಗೆ ಬರುವ ಹೊತ್ತಿಗೆ ಬೆತ್ತವಾಯಿತು, ಅಷ್ಟೇ.

ಹೇಗೆ ಅಂದರೆ, ‘ವರ್ಷ’ಕ್ಕೆ ‘ವರುಷ’ ಎಂದು ಬರೆದವನಿಗೆ ತದ್ಭವ ಎಂದು ಒಂದು ಅಂಕ. ‘ವರ್ಸ’ ಎಂದವನಿಗೆ ಗ್ರಾಮ್ಯ ಎಂದು ಕೆಂಪು ಗೆರೆ. ವಿದ್ಯೆ ‘ಬಿಜ್ಜೆ’ ಆದರೆ ವ್ಯಾಕರಣ. ವಿಶ್ವಾಸ ‘ಇಸ್ವಾಸ’ ಆದರೆ ಅಜ್ಞಾನ. ನಾಲಿಗೆ ಮಾಡಿದ ಕೆಲಸ ಎರಡೂ ಕಡೆ ಒಂದೇ. ಒಂದನ್ನು ಆಸ್ಥಾನದ ಕವಿಗಳು ಓಲೆಗರಿಯ ಮೇಲೆ ಬರೆದರು, ಇನ್ನೊಂದು ನಮ್ಮವ್ವನ ಬಾಯಲ್ಲೇ ಉಳಿಯಿತು. ತದ್ಭವಕ್ಕೂ ಗ್ರಾಮ್ಯಕ್ಕೂ ನಡುವಿನ ಗೆರೆಯನ್ನು ಎಳೆದದ್ದು ವ್ಯಾಕರಣವಲ್ಲ ಎನ್ನುವುದು ನನ್ನ ವಾದ. ‘ಗ್ರಾಮ್ಯ ಪದಗಳಿಗೆ ಗ್ರಾಂಥಿಕ ರೂಪ ಬರೆಯಿರಿ’ ಎಂಬ ಪ್ರಶ್ನೆ ಇವತ್ತಿಗೂ ಹೈಸ್ಕೂಲಿನಲ್ಲಿ ಕೇಳುವಂಥದ್ದೇ. ಗ್ರಾಂಥಿಕಕ್ಕೆ ಕೇರಿಯ ರೂಪ ಬರೆಯಿರಿ ಎಂದು ಕೇಳಿದ್ದನ್ನು ನಾನಂತೂ ನೋಡಿಲ್ಲ.

ಹಾಗಂತ ಈ ಪರಿಭಾಷೆಯನ್ನು ಬಿಸಾಡಿ ಎಂದು ಹೇಳುವ ಗೆಳೆಯರ ಜೊತೆಗೂ ನನಗೆ ಒಪ್ಪಿಗೆಯಿಲ್ಲ. ನಮ್ಮ ಮಕ್ಕಳಿಗೆ ಈ ಮಾತುಗಳು ಬೇಕು. ಇಲ್ಲದಿದ್ದರೆ ವಿಮರ್ಶೆಯ ಪಂಕ್ತಿಯಲ್ಲಿ ಮತ್ತೆ ಹೊರಗೇ ಕೂರಬೇಕಾಗುತ್ತದೆ. ಒಳಗೆ ಹೋಗಿ ನೋಡಿದರೆ ಅಲ್ಲಿ ನಮ್ಮದೂ ಸಾಕಷ್ಟಿದೆ. ನಮ್ಮೂರಲ್ಲಿ ‘ಪದ’ ಅಂದರೆ ಹಾಡು. ಬೀಸುವ ಪದ, ಸೋಬಾನೆ ಪದ. ಹಾಡಿನ ಒಂದು ಸಾಲು ‘ಸೊಲ್ಲು’. ರಚಿಸುವುದಕ್ಕೆ ‘ಕಟ್ಟುವುದು’ ಅನ್ನುತ್ತಾರೆ, ಗೋಡೆ ಕಟ್ಟಿದ ಹಾಗೆ. ಶಾಲೆಯಲ್ಲಿ ‘ಪದ ಬಿಡಿಸಿ ಬರೆ’ ಅಂದಾಗ ಹಾಡನ್ನು ಯಾಕೆ ಬಿಡಿಸಬೇಕು ಎಂದು ಮಗು ಕಣ್ಣು ಬಿಟ್ಟರೆ ಅದು ದಡ್ಡತನವಲ್ಲ. ಅದಕ್ಕೆ ಸಾಹಿತ್ಯದ ಪರಿಭಾಷೆ ಆಗಲೇ ಗೊತ್ತಿದೆ, ಬೇರೆಯದು ಗೊತ್ತಿದೆ.

ಬೀಸುಕಲ್ಲಿನ ಮುಂದೆ ಕೂತ ಹೆಂಗಸರ ಹಾಡು ಬಹುಪಾಲು ತ್ರಿಪದಿ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಯಿದೆ. ನಾಗವರ್ಮ ‘ಛಂದೋಂಬುಧಿ’ಯಲ್ಲಿ, ಹತ್ತನೇ ಶತಮಾನದ ಕೊನೆಗೆ, ಅದನ್ನು ಕರ್ಣಾಟ ವಿಷಯ ಜಾತಿಗಳಲ್ಲಿ ಸೇರಿಸಿ ಲಕ್ಷಣ ಹೇಳಿದ. (‘ಜಾತಿ’ ಅನ್ನುವ ಮಾತು ಒಮ್ಮೆಯಾದರೂ ನಮ್ಮನ್ನು ಒಳಗೆ ಸೇರಿಸಿಕೊಂಡದ್ದು ಇಲ್ಲೇ ಇರಬೇಕು!) ಕಂದ, ಷಟ್ಪದಿಗಳನ್ನು ಲಘು-ಗುರು ಹಾಕಿ ಎಣಿಸಬಹುದು. ತ್ರಿಪದಿಯ ಅಂಶಗಣ ಎಳೆದು ಹಾಡಿದರೆ ಹಿಡಿಸುತ್ತದೆ, ಬರೀ ಪ್ರಸ್ತಾರಕ್ಕೆ ಸಿಕ್ಕುವುದಿಲ್ಲ. ಅದಕ್ಕೆ ಅವ್ವನೇ ಬೇಕು. ಛಂದಸ್ಸಿನ ಪಾಠದಲ್ಲಿ ಇಷ್ಟನ್ನು ಹೇಳಲು ಹತ್ತು ನಿಮಿಷ ಸಾಕು.

1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಗಲಾಟೆಯಾಗಿ ಮಂತ್ರಿ ಪದವಿ ಹೋಯಿತು. ಆ ಮಾತಿನ ಸರಿತಪ್ಪು ಇರಲಿ. ಟೊಳ್ಳು, ಸತ್ವಹೀನ ಎಂದು ಗ್ರಾಂಥಿಕದಲ್ಲಿ ಅಂದಿದ್ದರೆ ಅಷ್ಟು ಬೆಂಕಿ ಹತ್ತುತ್ತಿತ್ತಾ ಅನ್ನುವುದು ನನ್ನ ಅನುಮಾನ. ದನದ ಕೊಟ್ಟಿಗೆಯ ಶಬ್ದವೊಂದು ವಿಮರ್ಶೆಯ ಪರಿಭಾಷೆಯಾಗಿ ವೇದಿಕೆ ಹತ್ತಿತ್ತು. ಹನ್ನೊಂದು ವರ್ಷದ ನಂತರ, 1984ರಲ್ಲಿ, ದೇವನೂರರ ‘ಕುಸುಮಬಾಲೆ’ ಬಂತು. ಇಡೀ ಕಾದಂಬರಿಯೇ ಆಡುಮಾತಿನಲ್ಲಿ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು.

ನಾನು ಪಾಠ ಮಾಡುವಾಗ ಹಲಗೆಯ ಮೇಲೆ ‘ವರುಷ’, ‘ವರ್ಸ’ ಎರಡನ್ನೂ ಒಂದೇ ಸಾಲಿನಲ್ಲಿ ಬರೆದು, ಮೇಲೆ ತದ್ಭವ ಎಂದು ಹಾಕುತ್ತೇನೆ. ಹುಡುಗರು ನಗುತ್ತಾರೆ, ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಯಾವುದನ್ನು ಬರೀಬೇಕು ಸಾರ್ ಅಂತ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ‘ವರುಷ’ ಎಂದೇ ಹೇಳಿದೆ. ಅಂಕ ಅವಳಿಗೆ ಬೇಕಲ್ಲ.