ಸಿಎ ಓದುವವರ ಸ್ಟೈಪೆಂಡ್ ಮತ್ತು ಮೊದಲ ಸಂಬಳ: ತಲ್ಲೂರು ಕಡೆಯ ಮನೆಗಳು ಮೊದಲೇ ಕೇಳಿಕೊಳ್ಳಬೇಕಾದ ಲೆಕ್ಕ

ಕುಂದಾಪುರದಿಂದ ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಿಗುವ ತಲ್ಲೂರು ವ್ಯಾಪಾರದ ಊರು. ಇಲ್ಲಿಯ ಅಂಗಡಿ ಮನೆಗಳ ಮಕ್ಕಳು ಪಿಯುಸಿಯಲ್ಲಿ ವಾಣಿಜ್ಯ ವಿಭಾಗ ತೆಗೆದುಕೊಂಡರೆ ಮುಂದಿನ ಮಾತು ಬಹುಪಾಲು ಬಿ.ಕಾಂ ಅಥವಾ ಸಿಎ. ಸಿಎ ಎಂದ ಕೂಡಲೇ ಮನೆಯವರ ಕಣ್ಣ ಮುಂದೆ ಬರುವುದು ಪತ್ರಿಕೆಯಲ್ಲಿ ಓದಿದ ವರ್ಷಕ್ಕೆ ಹನ್ನೆರಡು ಲಕ್ಷದ ಸಂಬಳ. ಅಲ್ಲಿಗೆ ಮುಟ್ಟುವ ಮೊದಲು ತಿಂಗಳಿಗೆ ಕೆಲವೇ ಸಾವಿರದ ವರ್ಷಗಳಿವೆ, ಏನೂ ಬಾರದ ತಿಂಗಳುಗಳೂ ಇವೆ. ಮಗು ಫೌಂಡೇಶನ್‌ಗೆ ಹೆಸರು ನೋಂದಾಯಿಸುವ ಮೊದಲೇ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ, ಅಂದರೆ ಐಸಿಎಐ, 1949ರ ಕಾಯ್ದೆಯಿಂದ ಸ್ಥಾಪನೆಯಾದದ್ದು. ನಮ್ಮ ಭಾಗಕ್ಕೆ ಹತ್ತಿರದ ಶಾಖೆಗಳು ಉಡುಪಿ ಮತ್ತು ಮಂಗಳೂರಿನಲ್ಲಿವೆ. 2023ರ ಜುಲೈ 1ರಿಂದ ಬಂದ ಹೊಸ ಯೋಜನೆಯ ಪ್ರಕಾರ ಫೌಂಡೇಶನ್ ಮತ್ತು ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾದ ಮೇಲೆ ಒಬ್ಬ ಆಡಿಟರರ ಕೈಕೆಳಗೆ ಎರಡು ವರ್ಷ ಆರ್ಟಿಕಲ್‌ಶಿಪ್ ಮಾಡಬೇಕು. ಹಿಂದೆ ಇದು ಮೂರು ವರ್ಷವಿತ್ತು. ಆರ್ಟಿಕಲ್‌ಶಿಪ್ ಮುಗಿದ ನಂತರ ಆರು ತಿಂಗಳು ಓದಿಗೆ ಬಿಟ್ಟು ಫೈನಲ್ ಪರೀಕ್ಷೆ. ಎಲ್ಲವೂ ಮೊದಲ ಸಲಕ್ಕೇ ಆದರೆ ಪಿಯುಸಿ ನಂತರ ಸುಮಾರು ಮೂರೂವರೆ ವರ್ಷ. ಆ ಕೊನೆಯ ಆರು ತಿಂಗಳಿಗೆ ಸ್ಟೈಪೆಂಡ್ ಇಲ್ಲ ಎಂಬುದನ್ನು ಅನೇಕ ಪಾಲಕರು ಗಮನಿಸುವುದೇ ಇಲ್ಲ.

ಎಲ್ಲವೂ ಮೊದಲ ಸಲಕ್ಕೇ ಆಗುವುದು ಕೆಲವರಿಗೆ ಮಾತ್ರ. ಮೇ 2024ರ ಫೈನಲ್‌ನಲ್ಲಿ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಪಾಸಾದವರು ಶೇ. 19.88. ಅದೇ ವರ್ಷದ ನವೆಂಬರ್‌ನಲ್ಲಿ ಶೇ. 13.44. ಆದ್ದರಿಂದ ಮನೆಯ ಲೆಕ್ಕದಲ್ಲಿ ಇನ್ನೊಂದು ವರ್ಷವನ್ನು ಹೆಚ್ಚುವರಿಯಾಗಿ ಹಿಡಿದಿಟ್ಟರೆ ಮಗುವಿನ ಮೇಲೂ ಒತ್ತಡ ಕಡಿಮೆ.

ಸ್ಟೈಪೆಂಡ್ ಎಷ್ಟು?

ಇದಕ್ಕೆ ನಿಯಮವಿದೆ. 1988ರ ಲೆಕ್ಕಪರಿಶೋಧಕರ ನಿಯಮಾವಳಿಯ 48ನೇ ನಿಯಮ ಕನಿಷ್ಠ ಸ್ಟೈಪೆಂಡನ್ನು ಗೊತ್ತುಮಾಡುತ್ತದೆ. ಕಚೇರಿ ಇರುವ ಊರಿನ ಜನಸಂಖ್ಯೆ ನೋಡಿ ದರ. ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ಬೆಂಗಳೂರಿನಂಥ ನಗರಕ್ಕೆ ಎಲ್ಲಕ್ಕಿಂತ ಹೆಚ್ಚು, ಕುಂದಾಪುರದಂಥ ಊರಿಗೆ ಎಲ್ಲಕ್ಕಿಂತ ಕಡಿಮೆ. ಹಳೆಯ ಯೋಜನೆಯ ಕೊನೆಯಲ್ಲಿ ದೊಡ್ಡ ನಗರದಲ್ಲೂ ಮೊದಲ ವರ್ಷಕ್ಕೆ ತಿಂಗಳಿಗೆ 2,000 ರೂಪಾಯಿ ಮಾತ್ರ ಕನಿಷ್ಠವಾಗಿತ್ತು. ಹೊಸ ಯೋಜನೆಯಲ್ಲಿ ಈ ಮೊತ್ತವನ್ನು ಇಮ್ಮಡಿ ಮಾಡಿದ್ದಾರೆ. ಇಮ್ಮಡಿಯಾದ ಮೇಲೂ ಬೆಂಗಳೂರಿನಲ್ಲಿ ಊಟ ಸಹಿತ ಪಿಜಿಗೆ ಎಂಟು–ಹತ್ತು ಸಾವಿರ ಕೊಡುವ ಮಗುವಿಗೆ ಕನಿಷ್ಠ ದರ ಅರ್ಧ ತಿಂಗಳಿಗೂ ಸಾಲದು.

ಇದು ಕನಿಷ್ಠ ಮಾತ್ರ, ಮೇಲಿನ ಮಿತಿ ಅಲ್ಲ. ದೊಡ್ಡ ಕಚೇರಿಗಳು ಇದರ ಹಲವು ಪಟ್ಟು ಕೊಡುತ್ತವೆ, ಮಧ್ಯಮ ಕಚೇರಿಗಳು ಮಾತಾಡಿದರೆ ಕೊಡುತ್ತವೆ, ಕೆಲವು ಸಣ್ಣ ಕಚೇರಿಗಳು ಕನಿಷ್ಠಕ್ಕೇ ನಿಲ್ಲುತ್ತವೆ. ಸಣ್ಣ ಕಚೇರಿಯ ಆಡಿಟರರನ್ನು ದೂರುವ ಮೊದಲು ನಮ್ಮಂಥ ವ್ಯಾಪಾರಿಗಳು ಅವರಿಗೆ ಕೊಡುವ ಫೀಸನ್ನೂ ನೆನಪಿಸಿಕೊಳ್ಳುವುದು ಒಳ್ಳೆಯದು. ಜಿಎಸ್‌ಟಿ ರಿಟರ್ನ್‌ಗೆ ಚೌಕಾಸಿ ಮಾಡುವವರೇ ಮಗನ ಸ್ಟೈಪೆಂಡ್ ಕಡಿಮೆಯಾಯಿತು ಎಂದರೆ ಹೇಗೆ?

ನಿಯಮದಲ್ಲಿ ಪಾಲಕರಿಗೆ ಉಪಯೋಗವಾಗುವ ಬೇರೆ ಅಂಶಗಳೂ ಇವೆ. ಸ್ಟೈಪೆಂಡನ್ನು ಪ್ರತಿ ತಿಂಗಳು ಅಕೌಂಟ್ ಪೇಯಿ ಚೆಕ್ಕಿನಲ್ಲಿ ಅಥವಾ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಕೊಡಬೇಕು. ವರ್ಷದ ಕೊನೆಗೆ ಒಟ್ಟಿಗೆ ಕೊಡುತ್ತೇನೆ ಎಂಬುದಾಗಲಿ, ಖಾತೆಗೆ ಹಾಕಿ ನಗದಾಗಿ ಹಿಂದೆ ಕೇಳುವುದಾಗಲಿ ನಿಯಮಕ್ಕೆ ಒಪ್ಪುವುದಿಲ್ಲ. ಸೇರಿಸಿಕೊಳ್ಳಲು ವಿದ್ಯಾರ್ಥಿಯಿಂದ ಹಣ ಅಥವಾ ಠೇವಣಿ ತೆಗೆದುಕೊಳ್ಳುವಂತಿಲ್ಲ. ಕೆಲಸದ ಸಮಯ ವಾರಕ್ಕೆ 35 ಗಂಟೆ ಎಂದು ನಿಯಮ ಹೇಳುತ್ತದೆ.

ದಾಕ್ಷಿಣ್ಯದ ಪ್ರಶ್ನೆ

ನಿಜವಾದ ತೊಡಕು ಇಲ್ಲಿದೆ. ತಲ್ಲೂರು, ಹೆಮ್ಮಾಡಿ, ಕುಂದಾಪುರದ ಮನೆಗಳಲ್ಲಿ ಮಗು ಇಂಟರ್ ಪಾಸಾದ ಕೂಡಲೇ ತಂದೆ ನೇರ ಹೋಗುವುದು ಅಂಗಡಿಯ ಲೆಕ್ಕ ನೋಡುವ ಆಡಿಟರರ ಬಳಿಗೆ. “ಸಾರ್, ಮಗಳನ್ನು ನಿಮ್ಮಲ್ಲೇ ಸೇರಿಸಿಕೊಳ್ಳಿ” ಎನ್ನುತ್ತಾರೆ. “ಆಯ್ತು, ಸೋಮವಾರ ಕಳಿಸಿ” ಎಂದು ಅವರು ಹೇಳಿದರೆ ಮಾತು ಮುಗಿಯಿತು. ಒಂದು ಮೂಟೆ ಅಕ್ಕಿ ಇಳಿಸಿಕೊಳ್ಳುವಾಗ ದರ, ತೂಕ, ಬಾಡಿಗೆ ಮೂರನ್ನೂ ಕೇಳುವ ಮನುಷ್ಯ, ಮಗಳ ಎರಡು ವರ್ಷವನ್ನು ಒಪ್ಪಿಸುವಾಗ ಒಂದು ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ಏನು ಅಂದುಕೊಳ್ಳುತ್ತಾರೋ, ನಾಳೆ ತೆರಿಗೆ ನೋಟಿಸ್ ಬಂದರೆ ಅವರೇ ಬೇಕಲ್ಲ ಎಂಬ ಹಿಂಜರಿಕೆ.

ಅಲ್ಲಿ ಕಲಿಕೆ ಚೆನ್ನಾಗಿರಬಹುದು. ಸಣ್ಣ ಕಚೇರಿಯಲ್ಲಿ ವೋಚರ್‌ನಿಂದ ಹಿಡಿದು ಬ್ಯಾಲೆನ್ಸ್ ಶೀಟ್‌ವರೆಗೆ ಎಲ್ಲವನ್ನೂ ಒಬ್ಬರೇ ಮಾಡುವ ಅವಕಾಶವಿದೆ; ದೊಡ್ಡ ಕಚೇರಿಯಲ್ಲಿ ಎರಡು ವರ್ಷವೂ ಒಂದೇ ಕೆಲಸಕ್ಕೆ ಹಾಕುವುದುಂಟು. ಆದರೆ ಕಲಿಕೆಯ ಹೆಸರಿನಲ್ಲಿ ದುಡ್ಡಿನ ಮಾತು ಮುಚ್ಚಿಹೋಗಬಾರದು. ಒಂದೇ ಕಚೇರಿಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರಿಗೆ ಬೇರೆ ಬೇರೆ ಸ್ಟೈಪೆಂಡ್ ಇರುವುದು, ಕೇಳಿದವರಿಗೆ ಹೆಚ್ಚು ಸಿಕ್ಕಿರುವುದು ಅಪರೂಪವೇನಲ್ಲ. ಆಡಿಟರರೂ ದಿನವಿಡೀ ಲೆಕ್ಕ ಕೇಳುವವರೇ. ನೇರವಾಗಿ ಕೇಳಿದರೆ ಬೇಸರಪಡುವವರು ಕಡಿಮೆ. ತಂದೆಗೆ ಕಷ್ಟವಾದರೆ ವಿದ್ಯಾರ್ಥಿಯೇ ಕೇಳಲಿ, ಅದೇ ಸರಿ ಕೂಡ. ಕೆಲಸಕ್ಕೆ ಸೇರುವವರು ಅವರು ತಾನೇ?

ಆರ್ಟಿಕಲ್‌ಶಿಪ್‌ನ ಕರಾರು ಪತ್ರಕ್ಕೆ ಸಹಿ ಹಾಕುವ ಮೊದಲು ತಿಳಿದುಕೊಳ್ಳಬೇಕಾದದ್ದು ಮೊದಲ ಮತ್ತು ಎರಡನೇ ವರ್ಷದ ಮೊತ್ತ, ಅದು ಯಾವ ತಾರೀಕಿಗೆ ಬರುತ್ತದೆ, ಹೊರಊರಿನ ಆಡಿಟ್‌ಗೆ ಹೋದಾಗ ಬಸ್ಸು, ವಸತಿ, ಊಟದ ಖರ್ಚು ಯಾರದು, ಪರೀಕ್ಷೆಗೆ ಎಷ್ಟು ರಜೆ. ಹೊಸ ಯೋಜನೆಯಲ್ಲಿ ರಜೆ ಹಿಂದಿಗಿಂತ ಬಹಳ ಕಡಿಮೆ. ವರ್ಷ ಕಳೆದ ಮೇಲೆ ಕಚೇರಿ ಬದಲಾಯಿಸುವುದೂ ಸುಲಭವಲ್ಲ. ಹಾಗಾಗಿ ಕೇಳುವುದಿದ್ದರೆ ಮೊದಲೇ ಕೇಳಬೇಕು.

ನಮ್ಮ ಸಮಾಜದ ಮಕ್ಕಳು ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುವುದು ಕ್ಷೇಮ. ಟ್ಯಾಕ್ಸ್ ಆಡಿಟ್ ವರದಿಗೆ ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್ 30. ಭಾದ್ರಪದದ ದಶಲಕ್ಷಣ ಪರ್ವ ಬರುವುದು ಆ ಗಡಿಬಿಡಿಯ ಹೊತ್ತಿನಲ್ಲೇ. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮ ಇಟ್ಟುಕೊಂಡವರು ಸಂಜೆ ಅರ್ಧ ಗಂಟೆಯ ಬಿಡುವನ್ನು ಸೇರುವಾಗಲೇ ಕೇಳಿಕೊಂಡರೆ ಕಚೇರಿಗಳು ಒಪ್ಪುತ್ತವೆ. ಆಡಿಟ್ ನಡುವೆ ಎದ್ದು ಹೋದರೆ ಮಾತ್ರ ತೊಂದರೆ.

ಊರಿನಿಂದಲೇ ಓಡಾಡುವವರ ಲೆಕ್ಕ ಬೇರೆ. ತಲ್ಲೂರಿನಿಂದ ಕುಂದಾಪುರದ ಕಚೇರಿಗೆ ಸ್ಟೈಪೆಂಡ್ ಕಡಿಮೆಯಾದರೂ ಮನೆ ಊಟ ಇರುತ್ತದೆ. ಉಡುಪಿಯವರೆಗೂ ದಿನಾ ಹೋಗಿಬರುವವರಿದ್ದಾರೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಉಚಿತವಾದರೂ ನಮ್ಮ ಜಿಲ್ಲೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಹಾಗಾಗಿ ಟಿಕೆಟ್ ಹಣ ಲೆಕ್ಕಕ್ಕೆ ಸೇರಲೇಬೇಕು.

ಹನ್ನೆರಡು ಲಕ್ಷ ಎಂದರೆ ಕೈಗೆ ಎಷ್ಟು?

ಫೈನಲ್ ಪಾಸಾದವರಿಗೆ ಐಸಿಎಐ ವರ್ಷಕ್ಕೆ ಎರಡು ಸಲ ಕ್ಯಾಂಪಸ್ ಸಂದರ್ಶನ ನಡೆಸುತ್ತದೆ. ಈಚಿನ ವರ್ಷಗಳಲ್ಲಿ ಅಲ್ಲಿಯ ಸರಾಸರಿ ಸಂಬಳ ವರ್ಷಕ್ಕೆ 12 ಲಕ್ಷದ ಆಸುಪಾಸಿನಲ್ಲಿದೆ. ಆದರೆ ಸರಾಸರಿಯನ್ನು ನೋಡುವ ರೀತಿ ಇದೆ. ಒಂಬತ್ತು ಜನರಿಗೆ 9 ಲಕ್ಷ, ಒಬ್ಬರಿಗೆ 30 ಲಕ್ಷ ಸಿಕ್ಕಿದರೆ ಸರಾಸರಿ 11 ಲಕ್ಷ ದಾಟುತ್ತದೆ. ಆ ಹತ್ತು ಜನರಲ್ಲಿ 11 ಲಕ್ಷ ಪಡೆದವರು ಒಬ್ಬರೂ ಇಲ್ಲ. ಕ್ಯಾಂಪಸ್‌ನಲ್ಲಿ ಕೆಲಸ ಸಿಗದವರು ಆ ಲೆಕ್ಕದಲ್ಲಿ ಬರುವುದೂ ಇಲ್ಲ. ಉಡುಪಿ, ಮಂಗಳೂರಿನ ಸಣ್ಣ ಕಚೇರಿಗಳಲ್ಲಿ ಸೇರುವ ಹೊಸ ಸಿಎಗೆ ಇದರ ಅರ್ಧವೂ ಸಿಗದಿರುವುದು ಸಾಮಾನ್ಯ.

ಪ್ಯಾಕೇಜ್ ಎಂಬುದು ಕಂಪನಿಗೆ ಬೀಳುವ ಒಟ್ಟು ಖರ್ಚು. ಒಂದು ಉದಾಹರಣೆ: ಪ್ಯಾಕೇಜ್ 12 ಲಕ್ಷ, ಅದರಲ್ಲಿ ಮೂಲ ವೇತನ 6 ಲಕ್ಷ, ಕೆಲಸ ನೋಡಿ ಕೊಡುವ ಭಾಗ 1,20,000 ಎಂದಿರಲಿ. ಕಂಪನಿಯ ಪಾಲಿನ ಪಿಎಫ್ ಶೇ. 12ರಂತೆ 72,000. ಗ್ರಾಚುಯಿಟಿಗೆಂದು ಶೇ. 4.81ರಂತೆ ಸುಮಾರು 28,900. ಇವು ಮೂರೂ ತಿಂಗಳ ಸಂಬಳದಲ್ಲಿ ಬರುವುದಿಲ್ಲ. ನೌಕರನ ಪಾಲಿನ ಪಿಎಫ್ ಇನ್ನೂ 72,000, ಜೊತೆಗೆ ವೃತ್ತಿ ತೆರಿಗೆ. ಎಲ್ಲ ಕಳೆದರೆ ತಿಂಗಳಿಗೆ ಕೈಗೆ ಬರುವುದು ಸುಮಾರು 75,000. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12,75,000ದವರೆಗಿನ ಸಂಬಳಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ಇಷ್ಟಾದರೂ ಉಳಿಯುತ್ತದೆ. ಪಿಎಫ್ ನಷ್ಟವಲ್ಲ, ಉಳಿತಾಯವೇ. ಆದರೆ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವುದು ಕೈಗೆ ಬಂದ ಹಣದಿಂದ.

ಮದುವೆಯ ಬಯೋಡೇಟಾದಲ್ಲಿ ಬರೆಯುವುದೂ ಈ ಪ್ಯಾಕೇಜನ್ನೇ. ಎರಡು ಕಡೆಯವರೂ ಹನ್ನೆರಡು ಲಕ್ಷವನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಒಂದು ಲಕ್ಷ ಎಂದುಕೊಳ್ಳುತ್ತಾರೆ. ತಿಂಗಳಿಗೆ ಕೈಗೆ ಬರುವ ಮೊತ್ತ ಬರೆದರೆ ಆಮೇಲೆ ಮಾತು ಬರುವುದಿಲ್ಲ.

ಕೆಲಸದ ಜಾಹೀರಾತಿನಲ್ಲೇ ಸಂಬಳದ ಮಿತಿಯನ್ನು ಹೇಳಬೇಕೆಂಬ ಕಾನೂನು ಅಮೆರಿಕದ ಕೊಲರಾಡೊದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರ್‌ನಿಂದ ಇದೆ. ಯುರೋಪಿನ ಒಕ್ಕೂಟವೂ 2023ರಲ್ಲಿ ಇಂಥ ನಿರ್ದೇಶನ ಹೊರಡಿಸಿತು. ನಮ್ಮಲ್ಲಿ ಖಾಸಗಿ ಕೆಲಸಗಳಿಗೆ ಅಂಥ ಕಡ್ಡಾಯವಿಲ್ಲ. ‘ಅನುಭವಕ್ಕೆ ತಕ್ಕಂತೆ’ ಎಂದು ಬರೆದು ಬಿಡುತ್ತಾರೆ. ಹಾಗಾಗಿ ಈಗಾಗಲೇ ಕೆಲಸದಲ್ಲಿರುವ ಸಮಾಜದ ಹಿರಿಯ ಸಿಎಗಳು ತಮ್ಮ ಕಚೇರಿಯಲ್ಲಿ ಹೊಸಬರಿಗೆ ಎಷ್ಟು ಕೊಡುತ್ತಾರೆಂದು ಕೇಳಿದ ಮಕ್ಕಳಿಗೆ ಹೇಳಿದರೆ ದೊಡ್ಡ ಉಪಕಾರ. ಪಟ್ಟಣದ ಮಕ್ಕಳಿಗೆ ಈ ಮಾಹಿತಿ ಗೆಳೆಯರಿಂದಲೇ ಸಿಗುತ್ತದೆ, ತಲ್ಲೂರಿನ ಮಗುವಿಗೆ ಕೇಳಲು ಬೇರೆ ಯಾರಿದ್ದಾರೆ?

ಆಫರ್ ಲೆಟರ್ ಬಂದಾಗ ತಿಂಗಳ ನಿಗದಿತ ಸಂಬಳ, ನೋಟಿಸ್ ಅವಧಿ, ಬಾಂಡ್ ಇದೆಯೇ, ಸೇರುವಾಗ ಕೊಟ್ಟ ಬೋನಸ್ಸನ್ನು ವರ್ಷದೊಳಗೆ ಬಿಟ್ಟರೆ ಹಿಂದೆ ಕೊಡಬೇಕೇ ಎಂಬ ನಾಲ್ಕನ್ನು ಓದಿಯೇ ಸಹಿ ಮಾಡಬೇಕು. ಓದುವ ಹಂತದಲ್ಲೇ ಹಣದ ತೊಂದರೆ ಇರುವ ಮನೆಗಳಿಗೆ ಐಸಿಎಐ ವಿದ್ಯಾರ್ಥಿವೇತನಗಳಿವೆ, ವಿದ್ಯಾರ್ಥಿಗಳ ನೆರವಿಗೆಂದೇ ಪ್ರತ್ಯೇಕ ನಿಧಿಯೂ ಇದೆ. ಅರ್ಜಿ ಹಾಕುವ ಕ್ರಮವನ್ನು ಉಡುಪಿ ಅಥವಾ ಮಂಗಳೂರು ಶಾಖೆಯಲ್ಲಿ ವಿಚಾರಿಸಬಹುದು.